ಹಂಗಿಲ್ಲದ ಅನ್ನ: ಪ್ರಸಾದ ನಿಲಯಗಳ ನಿಯಮ ಮತ್ತು ದಿನಚರಿ



ನಾಡಿನ ಹಳೆಯ ವಿದ್ಯಾಕೇಂದ್ರಗಳಲ್ಲಿ ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾರ್ಥಿನಿಲಯಗಳನ್ನು ನಾವೆಲ್ಲರೂ ಕಂಡಿದ್ದೇವೆ. ಜನರ ಬಾಯಲ್ಲಿ ಅದು ‘ಬೋರ್ಡಿಂಗು’. ಬಾಗಿಲ ಮೇಲಿನ ಫಲಕದಲ್ಲಿ ಮಾತ್ರ ‘ಉಚಿತ ಪ್ರಸಾದ ನಿಲಯ’ ಎಂದು ಬರೆದಿರುತ್ತದೆ. ಎರಡು ಹೆಸರುಗಳೂ ಒಂದೇ ಕಟ್ಟಡವನ್ನು ಸೂಚಿಸಿದರೂ ಅವುಗಳ ಅರ್ಥ ಒಂದೇ ಅಲ್ಲ. ಬೋರ್ಡಿಂಗು ಎಂದರೆ ಊಟ ವಸತಿಗಳನ್ನು ಒದಗಿಸುವ ಸ್ಥಳ. ಪ್ರಸಾದವೆಂಬ ಮಾತು ಬಂದೊಡನೆ ನೀಡುವವರ ಮೇಲೂ ಉಣ್ಣುವವರ ಮೇಲೂ ಒಂದು ಹೊಣೆ ಬೀಳುತ್ತದೆ. ಆ ಹೊಣೆಯನ್ನು ನಿತ್ಯದ ಬದುಕಿಗೆ ಇಳಿಸಿದವು ನಿಲಯದ ನಿಯಮಗಳು. ಅವು ಕೇವಲ ಶಿಸ್ತಿಗಾಗಿ ಹುಟ್ಟಿದವಲ್ಲ. ಬಡ ವಿದ್ಯಾರ್ಥಿಯೊಬ್ಬನು ಯಾರ ಹಂಗಿಗೂ ಒಳಗಾಗದೆ ಉಂಡು ಓದುವಂತಾಗಬೇಕು ಎಂಬ ಕಾಳಜಿ ಅವುಗಳ ಹಿಂದೆ ಕೆಲಸ ಮಾಡಿದೆ. ಇದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಅಕ್ಷರಕ್ಕಿಂತ ಮೊದಲು ಅನ್ನದ ಪ್ರಶ್ನೆ

19ನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ನಾಡಿನ ಪ್ರೌಢಶಾಲೆಗಳೂ ಕಾಲೇಜುಗಳೂ ಕೆಲವೇ ಪಟ್ಟಣಗಳಲ್ಲಿದ್ದವು. ಹಳ್ಳಿಯ ಒಕ್ಕಲು ಮನೆಯ ಹುಡುಗ ಹೆಚ್ಚಿನ ಓದಿಗಾಗಿ ಧಾರವಾಡಕ್ಕೋ ಬೆಳಗಾವಿಗೋ ಮೈಸೂರಿಗೋ ಬೆಂಗಳೂರಿಗೋ ಬಂದರೆ ಅವನ ಮುಂದೆ ನಿಲ್ಲುತ್ತಿದ್ದ ಮೊದಲ ಪ್ರಶ್ನೆ ಪಾಠದ್ದಲ್ಲ, ಊಟದ್ದು. ಕೈಯಲ್ಲಿ ಹಣವಿಲ್ಲ. ಹಣವಿದ್ದರೂ ಜಾತಿಯ ಮಡಿವಂತಿಕೆ ಬಲವಾಗಿದ್ದ ಆ ಕಾಲದಲ್ಲಿ ಎಲ್ಲರ ಮನೆಯ ಬಾಗಿಲೂ ಎಲ್ಲರಿಗೂ ತೆರೆಯುತ್ತಿರಲಿಲ್ಲ.

ಅಂದು ರೂಢಿಯಲ್ಲಿದ್ದ ಒಂದು ದಾರಿ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳಲ್ಲಿ ಉಂಡು ಓದುವ ಈ ಪದ್ಧತಿ ಬಹುಮಟ್ಟಿಗೆ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಆಸರೆಯಾಗಿತ್ತು. ಲಿಂಗಾಯತ ಸಮಾಜದಲ್ಲಿ ಜಂಗಮ ವಟುಗಳು ಕಂತಿಭಿಕ್ಷೆ ಎತ್ತಿ ಓದುವ ರೂಢಿಯಿತ್ತು. ಈ ಪದ್ಧತಿಗಳನ್ನು ಇಂದು ನಾವು ಹಗುರವಾಗಿ ಕಾಣಬಾರದು. ಅನೇಕ ವಿದ್ವಾಂಸರು ಈ ಅನ್ನದಿಂದಲೇ ಬೆಳೆದರು. ಆದರೆ ಅದರಲ್ಲಿ ಒಂದು ನೋವಿತ್ತು. ಉಣ್ಣುವ ಹುಡುಗನಿಗೆ ತಾನು ಯಾರ ಮನೆಯ ಅನ್ನ ಉಣ್ಣುತ್ತಿದ್ದೇನೆಂಬುದು ಗೊತ್ತು. ಬಡಿಸುವವರಿಗೂ ಅದು ಗೊತ್ತು. ಒಂದು ಮನೆಯಲ್ಲಿ ಮೈಲಿಗೆಯೋ ಮುನಿಸೋ ಬಂದರೆ ಆ ವಾರದಲ್ಲಿ ಒಂದು ದಿನ ಉಪವಾಸ.

ಧಾರವಾಡದಲ್ಲಿ 1883ರಲ್ಲಿ ಸ್ಥಾಪನೆಯಾದ ಲಿಂಗಾಯತ ವಿದ್ಯಾನಿಧಿಯು ಬಡ ವಿದ್ಯಾರ್ಥಿಗಳಿಗೆ ಧನಸಹಾಯದ ದಾರಿ ತೆರೆಯಿತು. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜರು ತಮ್ಮ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೀಸಲಿಟ್ಟರು. ಆದರೆ ವಿದ್ಯಾರ್ಥಿವೇತನದಿಂದ ಶುಲ್ಕ ಕಟ್ಟಬಹುದು, ಪುಸ್ತಕ ಕೊಳ್ಳಬಹುದು. ಪರಊರಿನಲ್ಲಿ ದಿನಕ್ಕೆರಡು ಹೊತ್ತು ಬಿಸಿಯಾಗಿ ಬಡಿಸುವ ಕೈಗಳು ಬೇಕಾದರೆ ಒಂದು ನಿಲಯವೇ ಬೇಕು. ನೆರೆಯ ಕೊಲ್ಹಾಪುರದಲ್ಲಿ ಛತ್ರಪತಿ ಶಾಹು ಮಹಾರಾಜರು 1901ರಿಂದ ಮೊದಲ್ಗೊಂಡು ಮರಾಠ, ಜೈನ, ಮುಸ್ಲಿಂ, ಲಿಂಗಾಯತ ಮೊದಲಾದ ಸಮಾಜಗಳ ವಿದ್ಯಾರ್ಥಿನಿಲಯಗಳಿಗೆ ಬೆಂಬಲವಾಗಿ ನಿಂತದ್ದು ಈ ಅರಿವಿನಿಂದಲೇ.

ಮಠಗಳ ಒಲೆ, ಊರೂರಿನ ಜೋಳಿಗೆ

20ನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕಾರ್ಯ ಕನ್ನಡ ನಾಡಿನ ಉದ್ದಗಲಕ್ಕೂ ಹಬ್ಬಿತು. ಚಿತ್ರದುರ್ಗದ ಜಯದೇವ ಜಗದ್ಗುರುಗಳು ಅನೇಕ ಪಟ್ಟಣಗಳಲ್ಲಿ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ಹಳ್ಳಿಗಾಡಿನ ಮಕ್ಕಳಿಗೆ ಅನ್ನವಿಟ್ಟು ಓದಿಸಿದರು. ಬೆಂಗಳೂರಿನಲ್ಲಿ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ದತ್ತಿಯಿಂದ ಛತ್ರವೂ ವಿದ್ಯಾರ್ಥಿನಿಲಯವೂ ನಡೆದವು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಉದ್ಧಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದು, ಕಲಿಯಲು ಬಂದ ಮಕ್ಕಳಿಗೆ ಮಠದಲ್ಲಿಯೇ ಪ್ರಸಾದದ ಏರ್ಪಾಡು ಮಾಡಿದರು. ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಮುಂದೆ ಇದೇ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನವಿಟ್ಟ ಶ್ರೀ ಶಿವಕುಮಾರ ಮಹಾಸ್ವಾಮಿಗಳು ತಮ್ಮ ವಿದ್ಯಾರ್ಥಿ ದೆಸೆಯಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತೋಟದಪ್ಪನವರ ನಿಲಯದಲ್ಲಿ ಇದ್ದವರು. ಒಂದು ನಿಲಯದ ಅನ್ನ ಮತ್ತೊಂದು ನಿಲಯದ ಒಲೆಗೆ ಕಾವಾಯಿತು.

ಈ ನಿಲಯಗಳಿಗೆ ದವಸ ಎಲ್ಲಿಂದ ಬಂದಿತು ಎಂಬುದು ಮುಖ್ಯವಾದ ಪ್ರಶ್ನೆ. ಶ್ರೀಮಂತರ ದತ್ತಿಗಳು ಇದ್ದವು. ಆದರೆ ಹೆಚ್ಚಿನ ಕಡೆ ಸ್ವಾಮಿಗಳೇ ಜೋಳಿಗೆ ಹಿಡಿದು ಊರೂರು ತಿರುಗಿದರು. ಸುಗ್ಗಿಯಲ್ಲಿ ಕಣದಿಂದ ಬಂದ ರಾಗಿ, ಜೋಳ, ಭತ್ತ, ತೊಗರಿ, ತೋಟದಿಂದ ಬಂದ ತೆಂಗಿನಕಾಯಿ, ಬಂಡಿಗಟ್ಟಲೆ ಬಂದ ಸೌದೆ, ಮನೆಯ ತಾಯಂದಿರು ಎತ್ತಿಟ್ಟ ಹಿಡಿಧಾನ್ಯ ಇವೆಲ್ಲ ಒಂದೇ ಉಗ್ರಾಣದಲ್ಲಿ ಬೆರೆತವು. ವಾರಾನ್ನಕ್ಕೂ ಪ್ರಸಾದ ನಿಲಯಕ್ಕೂ ಇರುವ ಅಂತರ ಇಲ್ಲಿಯೇ ಆರಂಭವಾಗುತ್ತದೆ. ಬೆರೆತ ಧಾನ್ಯಕ್ಕೆ ದಾನಿಯ ಹೆಸರಿರುವುದಿಲ್ಲ. ತನ್ನ ತಟ್ಟೆಯಲ್ಲಿರುವ ಮುದ್ದೆ ಯಾವ ಊರಿನ ಯಾರ ಹೊಲದ ರಾಗಿಯದೆಂದು ಹುಡುಗನಿಗೆ ತಿಳಿಯದು. ಕೊಟ್ಟ ರೈತನಿಗೂ ತನ್ನ ರಾಗಿಯನ್ನು ಉಂಡವನಾರೆಂದು ತಿಳಿಯದು. ಹೀಗೆ ಹಂಗಿನ ಮೊದಲ ಎಳೆ ಉಗ್ರಾಣದಲ್ಲಿಯೇ ಕಡಿದುಹೋಯಿತು.

ಗಂಟೆಯಿಂದ ಗಂಟೆಗೆ

ಎರಡನೆಯ ಎಳೆಯನ್ನು ಕಡಿದದ್ದು ದಿನಚರಿ. ನಿಲಯದಿಂದ ನಿಲಯಕ್ಕೆ ವೇಳೆಯಲ್ಲಿ ವ್ಯತ್ಯಾಸಗಳಿದ್ದರೂ ಒಟ್ಟು ಕ್ರಮ ಬಹುತೇಕ ಒಂದೇ ಬಗೆಯದು. ಜೂನ್ ತಿಂಗಳಲ್ಲಿ ಹುಡುಗ ತಂದೆಯೊಡನೆ ಬರುತ್ತಾನೆ. ತಗಡಿನ ಟ್ರಂಕು, ಸುತ್ತಿದ ಹಾಸಿಗೆ, ಒಂದು ತಟ್ಟೆ, ಒಂದು ಲೋಟ ಅವನ ಆಸ್ತಿ. ಬೆಳಗಿನ ಜಾವಕ್ಕೆ ಗಂಟೆ ಬಾರಿಸುತ್ತದೆ. ಹಾಸಿಗೆ ಸುತ್ತಿಡಬೇಕು, ಮಲಗಿದ ಜಾಗವನ್ನು ಗುಡಿಸಬೇಕು, ಬಾವಿ ಅಥವಾ ನಲ್ಲಿಯ ಬಳಿ ಸರದಿಯಲ್ಲಿ ನಿಂತು ಸ್ನಾನ ಮುಗಿಸಬೇಕು. ಆಮೇಲೆ ಸಾಮೂಹಿಕ ಪ್ರಾರ್ಥನೆ, ಓದು, ಪ್ರಸಾದ, ಶಾಲೆ. ಸಂಜೆ ಆಟ, ಮತ್ತೆ ಪ್ರಾರ್ಥನೆ, ಓದು, ಪ್ರಸಾದ, ನಿದ್ರೆ. ಊರಿಗೆ ಹೋಗಬೇಕಾದರೆ ಅಪ್ಪಣೆ ಪಡೆಯಬೇಕು. ಹೊರಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಬೇಕು.

ಇವುಗಳಿಗಿಂತ ಹೆಚ್ಚಿನ ಅರ್ಥವುಳ್ಳವು ಪ್ರಸಾದಕ್ಕೆ ಸಂಬಂಧಿಸಿದ ನಿಯಮಗಳು. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರಬೇಕು. ಮೊದಲು ಬಂದವನು ಮೊದಲು ಉಣ್ಣುವಂತಿಲ್ಲ, ಕೊನೆಯವನ ತಟ್ಟೆಗೂ ಬಡಿಸಿ ಮುಗಿದ ಬಳಿಕವೇ ಎಲ್ಲರೂ ಒಟ್ಟಿಗೆ ಕೈಹಚ್ಚಬೇಕು. ಬೇಕಾದಷ್ಟು ಕೇಳಿ ಹಾಕಿಸಿಕೊಳ್ಳಬಹುದು, ಹಾಕಿಸಿಕೊಂಡದ್ದನ್ನು ಬಿಡುವಂತಿಲ್ಲ. ತನ್ನ ತಟ್ಟೆಯನ್ನು ತಾನೇ ತೊಳೆದಿಡಬೇಕು. ಬಡಿಸುವ ಕೆಲಸ, ಧಾನ್ಯ ಹಸನು ಮಾಡುವುದು, ತರಕಾರಿ ಹೆಚ್ಚುವುದು, ಸೌದೆ ಹೊರುವುದು, ಅಂಗಳ ಗುಡಿಸುವುದು ಇವುಗಳಲ್ಲಿ ಮಕ್ಕಳಿಗೆ ಸರದಿಯಿರುತ್ತಿತ್ತು.

ಮೇಲುನೋಟಕ್ಕೆ ಇವು ಆಳುಗಳ ಖರ್ಚು ಉಳಿಸುವ ಉಪಾಯಗಳಂತೆ ತೋರಬಹುದು. ಖರ್ಚು ಉಳಿದದ್ದೂ ನಿಜ. ಆದರೆ ಇವತ್ತು ಸಾಲಿನಲ್ಲಿ ಕುಳಿತು ಉಂಡವನು ನಾಳೆ ಅದೇ ಸಾಲಿಗೆ ಬಡಿಸುತ್ತಾನೆ ಎಂಬ ಒಂದು ಏರ್ಪಾಡಿನಿಂದ ನೀಡುವವನು ಮತ್ತು ಬೇಡುವವನು ಎಂಬ ಎರಡು ಜಾತಿಗಳು ನಿಲಯದಲ್ಲಿ ಹುಟ್ಟದೆ ಹೋದವು. ಹುಡುಗನಿಗೆ ಹನ್ನೆರಡು ವರ್ಷವಾಗಿರಬಹುದು, ಅವನು ಕೊಡಬಹುದಾದದ್ದು ಒಂದು ಗಂಟೆಯ ದುಡಿಮೆ ಮಾತ್ರ. ಆ ಒಂದು ಗಂಟೆಯೇ ಅವನ ಕಾಯಕ. ಆದ್ದರಿಂದ ಅವನು ಉಂಡದ್ದು ದಾನವಲ್ಲ, ದಾಸೋಹ.

ಆಯ್ದಕ್ಕಿ ಮಾರಯ್ಯನ ಮನೆಯ ಪಾಠ

ಶರಣ ಚರಿತ್ರೆಯಲ್ಲಿ ಈ ನಿಯಮಗಳ ಬೇರು ಎಲ್ಲಿದೆಯೆಂದು ಹುಡುಕಿದರೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗ ನೆನಪಾಗುತ್ತದೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಅಂದಿಗೆ ಬೇಕಾದುದನ್ನು ಉಳಿಸಿಕೊಂಡು ಹೆಚ್ಚಾದುದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಹೇಳಿದಳು ಎಂಬುದು ಪರಂಪರೆಯಲ್ಲಿ ಬಂದ ಕಥೆ. ಬಡವರಿಗೆ ನೆರವಾಗಲೆಂದೇ ಬಸವಣ್ಣನವರು ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದೂ ಹೇಳುತ್ತಾರೆ. ಅಂದರೆ ಕೊಟ್ಟವರ ಮನಸ್ಸು ಒಳ್ಳೆಯದೇ ಆಗಿತ್ತು. ಆದರೂ ಕಾಯಕಕ್ಕೆ ಮೀರಿದ ಕೊಡುಗೆಯನ್ನು ಲಕ್ಕಮ್ಮ ಹಿಂದಿರುಗಿಸಿದಳು. ಬಡತನವಿದ್ದರೂ ಆ ಮನೆಯಲ್ಲಿ ಹಂಗಿರಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಹಾಕಿಸಿಕೊಳ್ಳಬಾರದು, ತಟ್ಟೆಯಲ್ಲಿ ಅಗುಳು ಬಿಡಬಾರದು ಎಂದು ನಿಲಯದ ಹಿರಿಯರು ಮಕ್ಕಳಿಗೆ ಹೇಳುವಾಗ ಲಕ್ಕಮ್ಮನ ಮಾತನ್ನೇ ಹೇಳುತ್ತಿರುತ್ತಾರೆ.

ಪಂಕ್ತಿಯ ಪ್ರಶ್ನೆ

ಇತಿಹಾಸವನ್ನು ಹೇಳುವಾಗ ಕೊರತೆಗಳನ್ನೂ ಹೇಳಬೇಕು. ಆರಂಭ ಕಾಲದ ನಿಲಯಗಳಲ್ಲಿ ಹೆಚ್ಚಿನವು ಒಂದೊಂದು ಸಮಾಜದ ಮಕ್ಕಳಿಗಾಗಿ ಹುಟ್ಟಿದವು. ಕಾಲದ ಒತ್ತಡ ಅದಕ್ಕೆ ಕಾರಣವೆಂದು ಹೇಳಬಹುದು. ಆದರೂ ಜಾತಿಯ ಗೋಡೆಯನ್ನು ಒಡೆದ ಶರಣರ ಹೆಸರಿನಲ್ಲಿ ನಡೆದ ಪಂಕ್ತಿಯು ಎಲ್ಲರಿಗೂ ತೆರೆದುಕೊಳ್ಳಲು ಸಮಯ ಹಿಡಿಯಿತೆಂಬುದನ್ನು ಮರೆಮಾಚಬಾರದು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ತಡವಾಯಿತು. 1930ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರೂ ಅವರ ಪತ್ನಿ ನಾಗಮ್ಮನವರೂ ದಲಿತ ಹೆಣ್ಣುಮಕ್ಕಳಿಗಾಗಿ ಬಾಲಿಕಾಶ್ರಮ ನಡೆಸಿದ್ದು ಆ ಕಾಲಕ್ಕೆ ಬಹು ದಿಟ್ಟವಾದ ಹೆಜ್ಜೆ. ಗಾನಯೋಗಿ ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳನ್ನು ಜೊತೆಗಿಟ್ಟುಕೊಂಡು ಊರೂರು ಸಂಚರಿಸಿ, ನಾಟಕ ಕಂಪನಿ ಕಟ್ಟಿ ಅವರನ್ನು ಸಲಹಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಜಾತಿಯನ್ನು ಕೇಳದೆ ಮಕ್ಕಳಿಗೆ ಆಶ್ರಯ ನೀಡಿದರು.

ಸಿದ್ಧಗಂಗೆಯ ಪಂಕ್ತಿ ಈ ದೃಷ್ಟಿಯಿಂದ ನಾಡಿಗೆ ಮಾದರಿಯಾಯಿತು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಮಹಾಸ್ವಾಮಿಗಳ ಕಾಲದಲ್ಲಿ ಜಾತಿ ಮತಗಳ ಭೇದವಿಲ್ಲದೆ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತರು. ಅವರ ಕೊನೆಯ ವರ್ಷಗಳಲ್ಲಿ ನಿಲಯದ ಮಕ್ಕಳ ಸಂಖ್ಯೆ 8000ವನ್ನು ಮೀರಿತ್ತು. ಅಷ್ಟು ಮಕ್ಕಳು ಬೆಳಿಗ್ಗೆ ಸಂಜೆ ಬಯಲಿನಲ್ಲಿ ಸಾಲಾಗಿ ಕುಳಿತು ಪ್ರಾರ್ಥಿಸುವ ದೃಶ್ಯವನ್ನು ಕಂಡವರು ಮರೆಯಲಾರರು. 2019ರ ಜನವರಿ 21ರಂದು ಬೆಳಿಗ್ಗೆ ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ಪ್ರಕಟಿಸಲಾಯಿತು. ಅದು ಅವರದೇ ಇಚ್ಛೆಯಾಗಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಗುರುವಿನ ಅಗಲಿಕೆಯ ದಿನವೂ ಪ್ರಸಾದದ ಗಂಟೆ ತಪ್ಪಬಾರದು ಎಂಬುದಕ್ಕಿಂತ ದೊಡ್ಡ ನಿಯಮ ಯಾವುದಿದ್ದೀತು?

ಇಂದು ಉಳಿಯಬೇಕಾದದ್ದು

ದೇವರಾಜ ಅರಸರ ಆಡಳಿತದ 1970ರ ದಶಕದಿಂದೀಚೆಗೆ ಸರಕಾರಿ ವಿದ್ಯಾರ್ಥಿನಿಲಯಗಳು ವಿಸ್ತಾರವಾಗಿ ಬೆಳೆದಿವೆ. ಹಣ ಪಡೆದು ನಡೆಸುವ ಹಾಸ್ಟೆಲುಗಳೂ ಎಲ್ಲೆಡೆ ಇವೆ. ಮಠಗಳ ನಿಲಯಗಳಲ್ಲಿಯೂ ಬದಲಾವಣೆ ಅನಿವಾರ್ಯ. ಸೌದೆಯ ಒಲೆ ಹೋಗಿ ಹಬೆಯ ಪಾತ್ರೆ ಬಂದರೆ ನಷ್ಟವಿಲ್ಲ. ಬೆತ್ತದ ಭಯ ಹೋಗಲೇಬೇಕು. ಮನೆಯ ನೆನಪಿನಿಂದ ಅಳುವ ಹೊಸ ಹುಡುಗನನ್ನು ಗದರಿಸುವ ಬದಲು ಮಾತನಾಡಿಸುವ ಹಿರಿಯರು ಬೇಕು. ಜ್ವರ ಬಂದ ಮಗುವಿಗೆ ಗಂಟೆಯ ನಿಯಮ ಅನ್ವಯಿಸಬಾರದು. ಹೆಣ್ಣುಮಕ್ಕಳಿಗೂ ಇದೇ ಬಗೆಯ ನಿಲಯಗಳು ಇನ್ನಷ್ಟು ಬೇಕು.

ಆದರೆ ಪಂಕ್ತಿ ಮತ್ತು ಸರದಿ ಎಂಬ ಎರಡು ನಿಯಮಗಳು ಹೋಗಬಾರದು. ಶುಲ್ಕ ಕೊಟ್ಟವರಿಗೆ ಮೇಜು, ಉಚಿತವಾಗಿ ಇರುವವರಿಗೆ ನೆಲ ಎಂದಾದ ದಿನ ಅದು ಪ್ರಸಾದ ನಿಲಯವಾಗಿ ಉಳಿಯುವುದಿಲ್ಲ. ತಟ್ಟೆ ತೊಳೆಯುವ ಕೆಲಸ ಬಡ ಮಕ್ಕಳ ಪಾಲಿಗೆ ಮಾತ್ರ ಬಂದರೆ ಅದು ಕಾಯಕವಾಗುವುದಿಲ್ಲ.

ಭಕ್ತರಾದ ನಮ್ಮ ಮೇಲೂ ಒಂದು ಹೊಣೆಯಿದೆ. ಹುಟ್ಟುಹಬ್ಬಕ್ಕೋ ಹಿರಿಯರ ಸ್ಮರಣೆಗೋ ನಿಲಯದಲ್ಲಿ ಒಂದು ದಿನದ ದಾಸೋಹ ಮಾಡಿಸುವ ಪದ್ಧತಿ ಬೆಳೆದಿದೆ. ಇದು ಸ್ತುತ್ಯವಾದುದೇ. ಆದರೆ ತಟ್ಟೆಯ ಮುಂದೆ ಕುಳಿತ ಮಕ್ಕಳನ್ನು ಕಾಯಿಸಿ ದಾನಿಯ ಹೆಸರನ್ನು ಸಾರುವುದು, ಬಡಿಸುವಾಗ ಅವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು, ಅವರಿಂದ ಚಪ್ಪಾಳೆ ಹೊಡೆಸುವುದು ಇವೆಲ್ಲ ನೂರು ವರ್ಷಗಳ ಹಿಂದೆ ಉಗ್ರಾಣದಲ್ಲಿ ಕಡಿದುಹೋದ ಹಂಗಿನ ಎಳೆಯನ್ನು ಮತ್ತೆ ಹೊಸೆಯುವ ಕೆಲಸ. ದವಸವನ್ನು ಹಿಂದಿನ ದಿನವೇ ಉಗ್ರಾಣಕ್ಕೆ ಒಪ್ಪಿಸೋಣ. ಮರುದಿನ ಕುಟುಂಬ ಸಮೇತರಾಗಿ ಹೋಗಿ ಮಕ್ಕಳ ಸಾಲಿನಲ್ಲಿಯೇ ಕುಳಿತು ಪ್ರಸಾದ ಸ್ವೀಕರಿಸೋಣ. ಎದ್ದ ಮೇಲೆ ನಮ್ಮ ತಟ್ಟೆಯನ್ನು ನಾವೇ ತೊಳೆದಿಟ್ಟು ಬರೋಣ.