ಯಿನ್-ಯಾಂಗ್: ಶಬ್ದಾರ್ಥವೂ ಋತುಚರ್ಯೆಯೂ

ಚೀನೀ ಭಾಷೆಯಲ್ಲಿ ‘ಯಿನ್’ ಎಂದರೆ ಮೊದಲು ಬೆಟ್ಟದ ನೆರಳಿನ ಮಗ್ಗುಲು. ‘ಯಾಂಗ್’ ಎಂದರೆ ಬಿಸಿಲಿನ ಮಗ್ಗುಲು. ಹುವಾ ಪರ್ವತದ ಬಡಗಣ ಊರು ಹುವಾಯಿನ್. ಲೋ ನದಿಯ ಬಡಗಣ ದಡದ ಪಟ್ಟಣವಾದರೋ ಲೋಯಾಂಗ್, ಏಕೆಂದರೆ ನದಿಗೆ ಆ ದಡವೇ ಬಿಸಿಲಿನದು. ಬೆಟ್ಟದ ಮಗ್ಗುಲುಗಳಲ್ಲಿ ಮೇಲು ಕೀಳೆಂಬುದಕ್ಕೆ ಎಡೆಯೆಲ್ಲಿ? ಆ ತಾರತಮ್ಯವು ರಾಜನೀತಿಯಿಂದ ಬಂದುದು. ಕ್ರಿ.ಪೂ. 2ನೆಯ ಶತಮಾನದ ಪಂಡಿತ ದೋಂಗ್ ಝೋಂಗ್‌ಶುವಿನ ಹೆಸರಿನಲ್ಲಿರುವ ಗ್ರಂಥವು ಅರಸ, ತಂದೆ, ಗಂಡ ಇವರನ್ನು ಯಾಂಗ್ ಎಂದೂ, ಮಂತ್ರಿ, ಮಗ, ಹೆಂಡತಿ ಇವರನ್ನು ಯಿನ್ ಎಂದೂ ವಿಂಗಡಿಸಿ, ಯಾಂಗಿಗೆ ಹಿರಿತನವನ್ನು ಕಟ್ಟಿತು. ಋತುಚರ್ಯೆಯಲ್ಲಿ ಈ ಹಿರಿತನವು ಕಾಣದು. ‘ಹ್ವಾಂಗ್‌ದಿ ನೇಯ್‌ಜಿಂಗ್’ ಎಂಬ ಪ್ರಾಚೀನ ವೈದ್ಯಗ್ರಂಥದ ಪ್ರಕಾರ ವಸಂತದಲ್ಲಿಯೂ ಬೇಸಗೆಯಲ್ಲಿಯೂ ಯಾಂಗನ್ನು, ಶರತ್ಕಾಲದಲ್ಲಿಯೂ ಚಳಿಗಾಲದಲ್ಲಿಯೂ ಯಿನ್ನನ್ನು ಪೋಷಿಸತಕ್ಕದ್ದು. ಬೇಸಗೆಯಲ್ಲಿ ತಡವಾಗಿ ಮಲಗಿ ಬೇಗ ಏಳಬೇಕು. ಚಳಿಗಾಲದಲ್ಲಿ ಬೇಗ ಮಲಗಿ, ಬಿಸಿಲು ಬಂದ ಮೇಲೆಯೇ ಏಳಬೇಕು. ಈ ವಿಧಿಯಲ್ಲಿ ಗಂಡು ಹೆಣ್ಣೆಂಬ ಭೇದವನ್ನು ಹೇಳಿಲ್ಲ.