ಅಂಚೆ ಕಾರ್ಡಿನಿಂದ ವಾಟ್ಸ್‌ಆ್ಯಪ್‌ವರೆಗೆ

ಊರು ಬಿಟ್ಟು ಬಂದ ನಮಗೆ ಊರಿನ ಸುದ್ದಿಯೆಂದರೆ ಅರ್ಧ ಊಟವಿದ್ದಂತೆ. ಆ ಸುದ್ದಿ ಬರುವ ದಾರಿ ಬದಲಾದಾಗಲೆಲ್ಲ ನಮ್ಮ ಮಾತಿನ ರೀತಿಯೂ ಬದಲಾಗಿದೆ. ಈಗಿನ ಮಕ್ಕಳಿಗೆ ಬರೆಯುವ ಮರ್ಯಾದೆ ತಿಳಿಯದೆಂದು ದೂರುವ ಮೊದಲು ಈ ಚರಿತ್ರೆಯತ್ತ ಒಮ್ಮೆ ನೋಡುವುದು ಒಳ್ಳೆಯದು.

ಭಾರತದಲ್ಲಿ ಅಂಚೆ ಕಾರ್ಡು ಬಂದದ್ದು 1879ರ ಜುಲೈಯಲ್ಲಿ, ಬೆಲೆ ಕಾಲಾಣೆ. ಇನ್‌ಲ್ಯಾಂಡ್ ಪತ್ರ ಬಂದದ್ದು 1950ರಲ್ಲಿ. ಕಾಗದ ಬರೆಯುವುದಕ್ಕೆ ನಮ್ಮ ಹಿರಿಯರಲ್ಲಿ ಒಂದು ಕಟ್ಟಳೆಯಿತ್ತು. ಮೇಲೆ ‘ಶ್ರೀ’, ತಂದೆಗೆ ‘ತೀರ್ಥರೂಪು’, ಮಗನಿಗೆ ‘ಚಿರಂಜೀವಿ’, ಆಮೇಲೆ ‘ಉಭಯ ಕುಶಲೋಪರಿ’. ಮದುವೆಯ ಕಾಗದದ ಮೂಲೆಗೆ ಅರಿಶಿನ. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದುಹಾಕುವುದು. ಜಾಗ ಸಾಲದಿದ್ದರೆ ಅಂಚಿನಲ್ಲಿ ಅಡ್ಡಡ್ಡವಾಗಿ ಇನ್ನೆರಡು ಸಾಲು.

ಅದೇ ಹಿರಿಯರು ತಂತಿ ಕಚೇರಿಯ ಕಿಟಕಿಯ ಮುಂದೆ ನಿಂತಾಗ ಬೇರೆಯೇ ಆಗುತ್ತಿದ್ದರು. ಅಲ್ಲಿ ಪದಗಳನ್ನು ಎಣಿಸಿ ಹಣ. ‘ಮದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೇಟ್ಲಿ’ ಎಂದರೆ ಮುಗಿಯಿತು. ಕನ್ನಡವೂ ಇಲ್ಲ, ತೀರ್ಥರೂಪುವೂ ಇಲ್ಲ. ಹಬ್ಬದ ಶುಭಾಶಯಗಳಿಗಂತೂ ಇಲಾಖೆಯೇ ಸಿದ್ಧವಾಕ್ಯಗಳನ್ನು ಮಾಡಿ ಅಂಕಿ ಕೊಟ್ಟಿತ್ತು. ಅಂಕಿ ಬರೆದುಕೊಟ್ಟರೆ ಅತ್ತ ಪೂರ್ತಿ ವಾಕ್ಯ ತಲುಪುತ್ತಿತ್ತು. ಇಂದಿನ ಹುಡುಗರು ಒಂದು ಚಿತ್ರ ಒತ್ತಿ ಶುಭ ಕೋರುವುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು.

ಟೆಲಿಫೋನಿನ ಕಥೆಯೂ ಹೀಗೆಯೇ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದು, ಮೂರು ನಿಮಿಷದಲ್ಲಿ ಕೂಗಿ ಹೇಳಿ ಮುಗಿಸಬೇಕಿತ್ತು. 1960ರಲ್ಲಿ ಕಾನ್ಪುರ-ಲಖನೌ ನಡುವೆ ಎಸ್‌ಟಿಡಿ ಆರಂಭವಾಯಿತು. ಅದು ಬೀದಿಬೀದಿಯ ಬೂತುಗಳಿಗೆ ಬಂದ ಮೇಲೆ, ದರ ಇಳಿಯುವ ರಾತ್ರಿ ಹೊತ್ತಿನಲ್ಲಿ ಸಾಲು ನಿಂತು, ಮೀಟರಿನ ಮೇಲೆ ಕಣ್ಣಿಟ್ಟು ಮಾತಾಡಿದವರು ನಾವು. ಮೊಬೈಲ್ 1995ರಲ್ಲಿ ಬಂತು. ವಾಟ್ಸ್‌ಆ್ಯಪ್ 2009ರಲ್ಲಿ ಹುಟ್ಟಿತು. ಹಿರಿಯರು ಇಂದಿಗೂ ಫೋನಿನಲ್ಲಿ ಕೂಗುವುದು, ಕಿರಿಯರು ಕರೆ ಮಾಡದೆ ಎರಡಕ್ಷರ ಬರೆದು ಸುಮ್ಮನಾಗುವುದು, ಎರಡೂ ತಾವು ಬೆಳೆದ ಕಾಲದ ಅಭ್ಯಾಸವೇ ಹೊರತು ಅಗೌರವವಲ್ಲ.

ಹಾಗಾದರೆ ನಷ್ಟವೇ ಇಲ್ಲವೆ? ಇದೆ. ಹೊರನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಬರೆಯುವ ಕಾಗದವೇ ಮಕ್ಕಳ ಕನ್ನಡ ಶಾಲೆಯಾಗಿತ್ತು; ಕೊನೆಯ ಎರಡು ಸಾಲು ಅವರ ಪಾಲು. ಫೋನು ಬಂದ ಮೇಲೆ ಆ ಸಾಲುಗಳು ನಿಂತವು. ಈಗ ಮಕ್ಕಳು ಮತ್ತೆ ಬರೆಯುತ್ತಿದ್ದಾರೆ, ಆದರೆ ‘ಊಟ ಆಯ್ತಾ’ ಎಂಬುದನ್ನೂ ಇಂಗ್ಲಿಷ್ ಲಿಪಿಯಲ್ಲಿ. ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಅದು ಮುಟ್ಟುವುದಿಲ್ಲ. ಯಂತ್ರವನ್ನು ದೂರುವಂತಿಲ್ಲ, ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿದೆ, ಇಂದಿನ ಫೋನುಗಳಲ್ಲಿ ಕನ್ನಡ ಕೀಲಿಮಣೆಯೂ ಇದೆ. ಅದನ್ನು ತೆರೆದು ಕೊಡಬೇಕಾದವರು ಮನೆಯವರು, ಅಂದರೆ ನಾವೇ.

ತೀರ್ಥರೂಪು, ಚಿರಂಜೀವಿ ಹೋದರೆ ಹೋಗಲಿ. ‘ಅಜ್ಜಿ, ಹೇಗಿದ್ದೀರಿ?’ ಎಂಬ ಒಂದು ಸಾಲನ್ನು ಮೊಮ್ಮಗ ಕನ್ನಡದಲ್ಲಿ ಬರೆದರೆ, ಆಕೆ ಅದನ್ನು ಯಾರ ಸಹಾಯವೂ ಇಲ್ಲದೆ ಓದಿಕೊಳ್ಳುತ್ತಾಳೆ.