ಸುಟ್ಟ ಉಯಿಲು



ಭಾಲ್ಕಿಯಲ್ಲಿ ನಾನು ಪಾಠ ಹೇಳುತ್ತಿದ್ದ ದಿನಗಳವು. ಔರಾದ ಕಡೆಯ ಹುಡುಗನೊಬ್ಬ ಎರಡು ವಾರ ಶಾಲೆಗೆ ಬರಲಿಲ್ಲ. ಬಂದ ದಿನ ಕಾರಣ ಕೇಳಿದೆ. “ಮುತ್ಯಾ ಬರೆಸಿಟ್ಟ ಕಾಗದ ಕಾಕಾ ಒಲ್ಯಾಗ ಹಾಕ್ಯಾರ್ರಿ ಸರ್. ಬಾವಿ ಹೊಲ ಇನ್ನ ನಮಗ ಇಲ್ಲಂತ್ರಿ” ಎಂದ. ಅಜ್ಜ ತಾನೇ ಸಂಪಾದಿಸಿದ್ದ ಆ ಹೊಲವನ್ನು ವಿಧವೆ ಸೊಸೆಯ, ಅಂದರೆ ಆ ಹುಡುಗನ ತಾಯಿಯ ಹೆಸರಿಗೆ ಉಯಿಲು ಮಾಡಿದ್ದರು. ಕಾಗದದೊಡನೆ ಹಕ್ಕೂ ಬೂದಿಯಾಯಿತೆಂದು ಆ ತಾಯಿ ನಂಬಿದಳು. ಚರಿತ್ರೆ ಬೋಧಿಸುತ್ತಿದ್ದ ನಾನೂ ನಂಬಿದೆ.

ಆದರೆ ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇತ್ತು. ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076–1126) ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಸಾಲಪತ್ರ ಮೊದಲಾದ ದಸ್ತಾವೇಜುಗಳು ಕಳೆದರೆ, ಅಳಿಸಿದರೆ, ಕಳವಾದರೆ, ಹರಿದರೆ ಅಥವಾ ಸುಟ್ಟರೆ ಬೇರೊಂದನ್ನು ಬರೆಸಬೇಕೆಂದು ಆ ಸ್ಮೃತಿ ವಿಧಿಸುತ್ತದೆ. ಪತ್ರ ನಾಶವಾದ ಮಾತ್ರಕ್ಕೆ ವ್ಯವಹಾರ ನಾಶವಾಗದು ಎಂಬುದು ಇದರ ತಾತ್ಪರ್ಯ.

ಆಧುನಿಕ ಕಾನೂನು ಇದಕ್ಕೆ ಶಿಕ್ಷೆಯನ್ನೂ ಸೇರಿಸಿತು. 1860ರ ಭಾರತೀಯ ದಂಡಸಂಹಿತೆಯ 477ನೆಯ ಕಲಮಿನಂತೆ ಉಯಿಲು, ದತ್ತು ಸ್ವೀಕಾರದ ಅಧಿಕಾರಪತ್ರ, ಆಸ್ತಿಯ ಹಕ್ಕುಪತ್ರಗಳನ್ನು ಮೋಸದ ಉದ್ದೇಶದಿಂದ ನಾಶಮಾಡುವುದು ಅಪರಾಧ. ಅಡಗಿಸಿಡುವುದೂ ಅಪರಾಧವೇ. ಜೀವಾವಧಿ ಸೆರೆವಾಸ, ಇಲ್ಲವೇ 7 ವರ್ಷಗಳವರೆಗಿನ ಸಜೆ ಮತ್ತು ದಂಡ ವಿಧಿಸಬಹುದು. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ದಂಡಸಂಹಿತೆ ಇದ್ದುದರಿಂದ, ಈ ಕಲಮು ಬೀದರಿಗೆ ಬಂದದ್ದು 1951ರಲ್ಲಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 343ನೆಯ ಕಲಮು ಅದರ ಸ್ಥಾನದಲ್ಲಿದೆ. ಉಯಿಲು ಬರೆದಾತನು ಬದುಕಿರುವಾಗ ತನ್ನ ಉಯಿಲನ್ನು ತಾನೇ ಹರಿದು ರದ್ದುಪಡಿಸಬಹುದು. ಆ ಅಧಿಕಾರ ಅನ್ಯರಿಗಿಲ್ಲ.

ತಪ್ಪಿತಸ್ಥನಿಗೆ ಸಜೆಯಾದರೆ ಹೊಲ ಹಿಂದಿರುಗಿ ಬಂದೀತೇ ಎಂದು ನೀವು ಕೇಳಬಹುದು. ಬೀದರಿನಲ್ಲಿ ವಕೀಲನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನನ್ನು ನಾನೂ ಅದನ್ನೇ ಕೇಳಿದೆ. ಅವನು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವನ್ನು ತೋರಿಸಿದ. ಬರೆದಾತನ ಕೃತ್ಯದಿಂದಲ್ಲದೆ ಅನ್ಯಾಯದಿಂದ ಉಯಿಲು ನಾಶವಾಗಿದ್ದರೆ ಅದರ ನಕಲನ್ನೋ ಕರಡನ್ನೋ ನ್ಯಾಯಾಲಯ ಮಾನ್ಯ ಮಾಡಬಹುದು. ಅವೂ ಇಲ್ಲದಿದ್ದರೆ ಅದರಲ್ಲಿ ಏನು ಬರೆದಿತ್ತೆಂಬುದನ್ನು ಸಾಕ್ಷ್ಯದಿಂದ ರುಜುವಾತುಪಡಿಸಬಹುದು.

ಇದನ್ನು ಓದಿದಾಗ ಮನಸ್ಸು ಭಾರವಾಯಿತು. ಉಯಿಲಿಗೆ ಸಾಕ್ಷಿ ಹಾಕಿದ್ದ ಇಬ್ಬರು ಹಿರಿಯರೂ ಅಂದು ಬದುಕಿದ್ದರು. ಅವರನ್ನು ಕೇಳಬೇಕೆಂದು ನಮಗಾರಿಗೂ ಹೊಳೆಯಲಿಲ್ಲ. ಹುಡುಗ ಮರುವರ್ಷವೇ ಶಾಲೆ ಬಿಟ್ಟು ದುಡಿಯಲು ಹೈದರಾಬಾದಿಗೆ ಹೋದ.

ಉಯಿಲಿನ ನೋಂದಣಿ ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿರಿ. ನಕಲೊಂದನ್ನು ಬೇರೆಡೆ ಇಡಿರಿ. ಸಾಕ್ಷಿ ಹಾಕಿದವರು ಯಾರೆಂಬುದನ್ನು ಮನೆಯ ಮಕ್ಕಳಿಗೂ ತಿಳಿಸಿರಿ. ಇದು ನಿಮ್ಮ ಗುರುವಿನ ತಡವಾದ ಪಾಠ.